ಎತ್ತರದ ಕಾಲಂ ಖಾಲಿ

ಮೊದಲು ನಾಲ್ಕು ಮೂಲೆಗೆ ನಾಲ್ಕು ಮೊಳೆ.
ಚರ್ಚಿನ ಗೋಪುರ. ರೈಲು ಸೇತುವೆಯ ಕಂಬ.
ನೂರು ವರ್ಷಕ್ಕೂ ಕದಲದ ಅಂಚೆ ಕಚೇರಿಯ ಮೆಟ್ಟಿಲು.
ನಾಲ್ಕನೆಯದು ಸಿಗಲಿಲ್ಲ. ಆ ಕಡೆ
ನದಿಯೇ ಮಗ್ಗುಲು ಬದಲಿಸಿದೆ.
ಅಂದಾಜಿನಲ್ಲಿ ಹೊಡೆದೆ.

ಇಪ್ಪತ್ತೊಂದನೇ ಇಸವಿಯ ವಿಮೆ ಕಂಪನಿಯ ನಕ್ಷೆ
ಇವತ್ತಿನ ಉಪಗ್ರಹ ಚಿತ್ರದ ಮೇಲೆ
ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತು,
ಈ ಕಡೆ ಎಳೆದರೆ ಆ ಕಡೆ ಸುಕ್ಕು.

ಗುಲಾಬಿ ಅಂದರೆ ಇಟ್ಟಿಗೆ, ಹಳದಿ ಅಂದರೆ ಮರ.
ಹ್ಯಾಝೆಲ್ ಬೀದಿಯ ತುಂಬ ಹಳದಿ.
ಸುಟ್ಟರೆ ಎಷ್ಟು ಕೊಡಬೇಕು ಅನ್ನುವವರ ಲೆಕ್ಕ ಇದು,
ಒಲೆ ಹಚ್ಚಿದವರು ಯಾರು ಅನ್ನುವವರದಲ್ಲ.

ಒಹಾಯೋದ ಚಳಿಗಾಲ, ಗ್ರಂಥಾಲಯದ ನೆಲಮಾಳಿಗೆ,
ಗಂಟೆಗೆ ಹನ್ನೆರಡು ಡಾಲರು.
ಇನ್ನೂರ ಹದಿನಾಲ್ಕು ಮನೆಗಳ ಅಂಚು ಗೀಚಿದೆ,
ಆಮೇಲೆ ಊರಿನ ಹಳೇ ವಿಳಾಸ ಪುಸ್ತಕದಿಂದ
ಒಬ್ಬೊಬ್ಬರನ್ನೇ ಕರೆತಂದು ಮನೆ ತುಂಬಿಸಿದೆ.
ನಾನೂರ ಹದಿನೆಂಟು: ಪೆಟಿಫೋರ್ಡ್, ಝೆಲ್ಮಾ. ವಿಧವೆ.
ಬಾಡಿಗೆ ಕೋಣೆಗಳು.
ಹೆಸರಿನ ಪಕ್ಕ ಕಂಸದೊಳಗೆ ಒಂದು ಪುಟ್ಟ 'ಸಿ'.
ಬಿಳಿಯರಲ್ಲದ ಎಲ್ಲರಿಗೂ ಅದೇ ಅಕ್ಷರ,
ನೊಣ ಕೂತು ಹೋದ ಹಾಗೆ.

ಯಾವ ಬಣ್ಣ ತುಂಬಲಿ, ಎಂದು ಕೇಳಿತು ತಂತ್ರಾಂಶ.
ಅದು ಎಲ್ಲ ಮನೆಗೂ ಕೇಳುತ್ತದೆ. ಆದರೂ
ಸ್ವಲ್ಪ ಹೊತ್ತು ಇಲಿಯ ಮೇಲೆ ಬೆರಳಾಡಲಿಲ್ಲ.

ಮಾರ್ಚಿನಲ್ಲಿ ಅರ್ಲೀನ್ ಪೆಟಿಫೋರ್ಡ್ ಬಂದರು,
ಎರಡು ಬಸ್ಸು ಬದಲಿಸಿ, ಎಂಬತ್ತೇಳರ ವಯಸ್ಸಿನಲ್ಲಿ.
ಕೈಚೀಲ ಮಡಿಲಲ್ಲಿ ಇಟ್ಟುಕೊಂಡೇ
ಪರದೆಗೆ ಬೆರಳೊತ್ತಿದರು. ಎಣ್ಣೆಯ ಗುರುತು ಉಳಿಯಿತು.
"ಇಷ್ಟು ಮೇಲಲ್ಲ ನಮ್ಮ ಮನೆ, ಮಗೂ.
ಪಾತ್ರೆ ತೊಳೆಯುವ ಕಿಟಕಿಯಿಂದ ಕಾಲೇಜಿನ ಗಡಿಯಾರ ಕಾಣುತ್ತಿತ್ತು.
ಅರ್ಧ ಮಾತ್ರ. ಬಲಗಡೆಯದನ್ನು ಲಾಂಡ್ರಿ ಗೋಡೆ ನುಂಗಿತ್ತು.
ಆರರಿಂದ ಹನ್ನೆರಡು ನಮ್ಮದು.
ಉಳಿದದ್ದು ಅವರದು" ಎಂದು ನಕ್ಕರು.

ಗಡಿಯಾರ ಇದೆ. ಲಾಂಡ್ರಿ ಈಗ ಕಾಫಿ ಅಂಗಡಿ, ಗೋಡೆ ಅದೇ.
ಗೋಪುರದ ನಡುವಿನಿಂದ ಗೋಡೆಯ ಅಂಚಿಗೆ ತಾಗಿಸಿ
ಒಂದು ಗೆರೆ ಎಳೆದೆ.
ಕಿಟಕಿ ಬಂದು ನಿಂತಿತು, ಹದಿಮೂರು ಅಡಿ ಕೆಳಗೆ.
ನಾಲ್ಕನೇ ಮೊಳೆ ಕಿತ್ತು ಅಲ್ಲಿ ಹೊಡೆದೆ.
ಹ್ಯಾಝೆಲ್ ಬೀದಿ ಇಡಿಯಾಗಿ ಮೈಮುರಿದು
ತನ್ನ ಜಾಗದಲ್ಲಿ ಕೂತಿತು. ಸುಕ್ಕಿಲ್ಲ.

ಅವರು ಹೇಳುತ್ತಲೇ ಇದ್ದರು:
ಹಾಸ್ಟೆಲಿಗೆ ಸೇರಿಸದ ಹುಡುಗರಿಗೆಲ್ಲ ಅಮ್ಮನ ಮನೆ.
ರಸಾಯನಶಾಸ್ತ್ರದ ಇಬ್ಬರಿಗೆ ಒಂದೇ ಹಾಸಿಗೆ,
ಒಬ್ಬನಿಗೆ ರಾತ್ರಿ ಪಾಳಿ, ಬ್ರೆಡ್ ಕಾರ್ಖಾನೆಯಲ್ಲಿ.
ಅವನು ಬರುವ ಹೊತ್ತಿಗೆ ಇವನು ಎದ್ದಿರಬೇಕು.
"ಆ ಹಾಸಿಗೆ ತಣ್ಣಗಾದದ್ದೇ ನನಗೆ ನೆನಪಿಲ್ಲ.
ಅರವತ್ತಮೂರರಲ್ಲಿ ಬುಲ್ಡೋಜರ್ ಬಂದಾಗ
ಅದನ್ನು ಮಾತ್ರ ಹೊರಗೆ ತಂದೆವು.
ಇಡಲು ಜಾಗವಿರಲಿಲ್ಲ."

ನಕ್ಷೆಯ ಪ್ರತಿ ತೆಗೆದು ಕೊಟ್ಟೆ.
"ಹಿತ್ತಲ ಬಾಗಿಲೆಲ್ಲಿ?" ಅಂದರು.
ವಿಮೆಯವರು ಬರೆದಿರಲಿಲ್ಲ.
ಚೀಲದಿಂದ ಪೆನ್ನು ತೆಗೆದು ತಾವೇ ತೆರೆದುಕೊಂಡರು,
ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ಕಟ್ಟಡಗಳ ಪದರ ಹೊದಿಸಿದೆ.
ನಾನೂರ ಹದಿನೆಂಟರ ಮೇಲೆ ಇವತ್ತು
ಕ್ಯಾಂಪಸ್ ಹೈಟ್ಸ್. ಒಂಬತ್ತು ಮಹಡಿ. ಈಜುಕೊಳ.
ಬಾಡಿಗೆ ಮನೆಗಲ್ಲ, ಹಾಸಿಗೆಗೆ.
ಕರಾರು ಪತ್ರದಲ್ಲಿ ನನ್ನ ಹೆಸರಿಲ್ಲ,
ನಾಲ್ಕನೇ ಮಹಡಿ, ಹಾಸಿಗೆ ಸಿ.

ಕೋಷ್ಟಕದಲ್ಲಿ ಎಲ್ಲ ತುಂಬಿದ್ದೇನೆ,
ಅಕ್ಷಾಂಶ, ರೇಖಾಂಶ, ಹೆಸರು, ಕಸುಬು.
ಎತ್ತರದ ಕಾಲಂ ಮಾತ್ರ ಖಾಲಿ.
ಅದಿಲ್ಲದ ನಕ್ಷೆಯಲ್ಲಿ
ನಾನೂ ಆ ಹುಡುಗನೂ ಒಂದೇ ಚುಕ್ಕೆ.

ನಿದ್ದೆ ಬಾರದೆ ಎದ್ದು ಕಿಟಕಿಗೆ ಹೋದೆ.
ಇಷ್ಟು ಮೇಲಿನಿಂದ ಗಡಿಯಾರ ಪೂರ್ತಿ ಕಾಣುತ್ತದೆ.
ಎರಡು ಗಂಟೆ ಹತ್ತು ನಿಮಿಷ.
ಎರಡೂ ಮುಳ್ಳು ಬಲಗಡೆ.
ಕೆಳಗೆ ಝೆಲ್ಮಾಳ ಅಡುಗೆಮನೆಯಲ್ಲಿ
ಈಗ ಎಷ್ಟು ಹೊತ್ತೆಂದು ತಿಳಿಯುವಂತಿಲ್ಲ.
ಹಾಸಿಗೆ ಇನ್ನೂ ಬೆಚ್ಚಗಿತ್ತು.