ಬಾಗಿಲ ಒಳಮೈ

ಮೊದಲು ಬೆರಳಗೆಣ್ಣಿನಿಂದ ತಟ್ಟಿ ನೋಡಬೇಕು.
ಠಣ್ ಅಂದರೆ ರೋಗ ಅಲ್ಲಿದೆ,
ಧಬ್ ಅಂದರೆ ಬಿಟ್ಟುಬಿಡು.
ಇಷ್ಟು ತಿಳಿಯದವರು ಇಡೀ ಕಾರಿಗೆ ಕಂಬಳಿ ಹೊದಿಸಿ
ತೂಕ ಏರಿಸಿಕೊಂಡು ಪೆಟ್ರೋಲಿಗೆ ಅಳುತ್ತಾರೆ.
ತಗಡಿನ ನಡುವೆ ಕಾಲುಭಾಗ ಹಚ್ಚಿದರೆ ಸಾಕು,
ನಗಾರಿಯ ಚರ್ಮದ ಮೇಲೆ ಅಂಗೈ ಇಟ್ಟ ಹಾಗೆ.

ಕರಗಂಡಾದ ಗ್ಯಾರೇಜು ಸಾಲು.
ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಬಿಟುಮೆನ್ ಹಾಳೆಗಳು ಒಲೆಯ ಪಕ್ಕ ಒರಗಿವೆ,
ಚಳಿ ಕಾಯಿಸುವ ನೆಂಟರ ಹಾಗೆ.
ಕಾನಿಶ್ ಅಗಾಯ್ ತಮ್ಮ ಹಳೇ ನಿವಾ ತಂದು ನಿಲ್ಲಿಸಿ
"ಇದರೊಳಗೆ ಮಾತೇ ಕೇಳಿಸೋದಿಲ್ಲ" ಅಂದರು.
"ಮೊಮ್ಮಗಳು ಹಿಂದಿನ ಸೀಟಿನಲ್ಲಿ ಏನೋ ಹಾಡ್ತಾಳೆ,
ತುಟಿ ಆಡೋದಷ್ಟೇ ಕನ್ನಡೀಲಿ ಕಾಣ್ತದೆ."

ಸ್ಪಿರಿಟ್ ಹಾಕಿ ಒರೆಸಿದೆ.
ಬಟ್ಟೆ ಕಪ್ಪಾಯಿತು, ಇನ್ನೊಂದೂ ಕಪ್ಪಾಯಿತು.
ಈ ಊರಲ್ಲಿ ಕಲ್ಲಿದ್ದಲು ನುಗ್ಗದ ಸಂದಿಯಿಲ್ಲ.
ಮೂರನೆಯದು ಬೆಳ್ಳಗೆ ಬಂದ ಮೇಲೇ ಹಾಳೆ ಕೈಗೆತ್ತಿದ್ದು;
ಜಿಡ್ಡಿಗೆ ಅಂಟಿದ್ದು ಬೇಸಗೆಗೆ ಜಾರುತ್ತದೆ.
ಬಿಸಿಗಾಳಿ ಹಿಡಿದು, ರೋಲರ್ ಒತ್ತಿ ಒತ್ತಿ
ಬೆಳ್ಳಿಹಾಳೆಯ ಚೌಕುಳಿಗಳು ಅಳಿಸಿಹೋಗುವ ತನಕ.
ಗುಳ್ಳೆ ಕಂಡಲ್ಲಿ ಸೂಜಿ.
ಬಾಗಿಲ ತಳದ ತೂತು ಮಾತ್ರ ಮುಚ್ಚಬಾರದು,
ಕರಗಿದ ಹಿಮಕ್ಕೂ ಹೋಗಲು ದಾರಿ ಬೇಕಲ್ಲ.

ಎಡಬಾಗಿಲ ಹೊಟ್ಟೆಯಲ್ಲಿ ಗಿಲಕಿಯಾಡುತ್ತಿದ್ದದ್ದು
ಒಂದು ಹಿತ್ತಾಳೆ ಬಿಲ್ಲೆ,
ಗಣಿಗೆ ಇಳಿಯುವಾಗ ಕೊಡುವ ನಂಬರು: ನಾನೂರ ಹದಿನೇಳು.
ಅಂಗೈಗಿಟ್ಟೆ. ತಿರುಗಿಸಿ ನೋಡಿ ಜೇಬಿಗಿಳಿಸಿದರು.
"ಇದು ಕಳೆದದ್ದಕ್ಕೆ ದಂಡ ಕಟ್ಟಿದ್ದೆ" ಅಂದರು, ಅಷ್ಟೇ.

ಸಂಜೆ ತೆಮಿರ್ತಾವ್ ರಸ್ತೆಗೆ ಇಬ್ಬರೂ ಹೊರಟೆವು.
ಸ್ಟಿಯರಿಂಗ್ ನನ್ನ ಕೈಯಲ್ಲಿ.
ಎಂಬತ್ತರಲ್ಲಿ ಬಾಗಿಲುಗಳು ಬಾಯಿ ಮುಚ್ಚಿದ್ದವು,
ಚಕ್ರದ ಗೋಳು ಪಕ್ಕದ ಮನೆಯದು ಅನ್ನುವಷ್ಟು.
ಒಂದು ಸದ್ದು ಹೋದರೆ ಅದರ ಬೆನ್ನಿಗೆ ಅಡಗಿದ್ದದ್ದು
ಮುಂದಕ್ಕೆ ಬರುತ್ತದೆ:
ಗಡಿಯಾರ, ಬೆಲ್ಟಿನ ಕೊಂಡಿ,
ಆಮೇಲೆ ಅವರ ಉಸಿರು.

ಹರಿದ ತಿದಿ. ಒಳಕ್ಕೆ ಒಂದು ಸಿಳ್ಳು, ಹೊರಕ್ಕೆ ಎರಡು.
ನನಗದು ಗೊತ್ತು.
ಅಪ್ಪನ ಕೋಣೆಯಿಂದ ಹನ್ನೊಂದು ಚಳಿಗಾಲ ಕೇಳಿದ್ದೇನೆ.

ಅವರಿಗೂ ಕೇಳಿಸಿತು. ಉಸಿರು ಬಿಗಿಹಿಡಿದರು.
ಎರಡು ವಿದ್ಯುತ್ ಕಂಬ ದಾಟಿದವು, ಮೂರು.
"ಚಳಿ, ಅಲ್ವಾ" ಅಂದೆ.
ಹೀಟರಿನ ಫ್ಯಾನು ಎರಡಕ್ಕೆ ತಿರುಗಿಸಿದೆ.
ಹಳೆಯದು, ಗೊರಗೊರ ಅನ್ನುತ್ತದೆ;
ಅದಕ್ಕೆ ನಾನು ಏನೂ ಹಚ್ಚಿರಲಿಲ್ಲ.