ಹದಿನೆಂಟು ಇಂಚು

ಹಾಯ್ಟ್ ಪರ್ವಿಸ್‌ನ ಅಂಗಡಿಯಲ್ಲಿ
ಮೀನಿನ ಗಾಳ, ಟ್ರ್ಯಾಕ್ಟರ್ ಬೆಲ್ಟು, ಉಪ್ಪುನೀರಲ್ಲಿ ಬೆಂದ ಕಡಲೆಕಾಯಿ,
ಎಲ್ಲಕ್ಕೂ ಒಂದೇ ಗಲ್ಲಾ.
ಹಿಂದಿನ ಗೋಡೆಗೆ ಕೋವಿಗಳು
ಶಾಲೆಯ ಮಕ್ಕಳ ಹಾಗೆ ಎತ್ತರದ ಪ್ರಕಾರ ನಿಂತಿದ್ದವು.
"ಕೊನೆಯದು ಕೊಡು," ಎಂದೆ. "ಆ ಗಿಡ್ಡದ್ದು."

ಕೊಡಲಿಲ್ಲ. ಮೊದಲು ಕೇಳಿದ:
"ಎಷ್ಟು ದೂರದಿಂದ ಹೊಡೀತೀಯ, ಆರ್ಡೆಲ್?"

ದೂರ?
ನಮ್ಮ ಹೊಲದ ಕೆಳಗೆ ಆಲ್ಟಮಹಾ ನದಿ
ಮೈ ಹರಡಿ ಮಲಗಿದ ಕಡೆ ದೂರ ಎಂಬುದೇ ಇಲ್ಲ.
ಕುಳ್ಳ ತಾಳೆ, ಗಾಲ್‌ಬೆರಿ ಪೊದೆ, ಮುಳ್ಳುಬಳ್ಳಿ;
ಚಾಚಿದ ಕೈ ಚಾಚಿದವಳಿಗೇ ಕಾಣದ ಹಸಿರು.

ಈ ಮೇ ತಿಂಗಳು, ಬಿತ್ತಿದ ರಾತ್ರಿಯೇ ಬಂದವು.
ಅಕ್ಷರ ಕಲಿಯುವ ಮಗು ಬೆರಳಿಟ್ಟು ಓದುವಂತೆ
ಮೂತಿ ಇಟ್ಟು ಓದಿಕೊಂಡು ಹೋದವು,
ಎಲ್ಲೂ ಸಾಲು ತಪ್ಪದೆ, ಒಂದು ಬೀಜವನ್ನೂ ಬಿಡದೆ.
ಬೆಳಿಗ್ಗೆ ನೋಡಿದರೆ ನಾಲ್ಕು ಎಕರೆ ಓದಿ ಮುಗಿಸಿದ ಪುಸ್ತಕ.
ಸಿಟ್ಟು ಬಂತು. ಹೇಳಬಾರದು, ಚೂರು ಮೆಚ್ಚುಗೆಯೂ ಬಂತು.

ನನ್ನ ಹತ್ತಿರ ಇದ್ದದ್ದು ಅಣ್ಣ ಡೆಲ್ಮರ್‌ನ ಬಾತುಕೋವಿ.
ಇಪ್ಪತ್ತೆಂಟು ಇಂಚಿನ ನಳಿಗೆ. ಆಕಾಶಕ್ಕೆಂದೇ ಮಾಡಿದ್ದು;
ನೆತ್ತಿಯ ಮೇಲೆ ಬಯಲಿದ್ದರೆ ಅದರಂಥ ಚೆಲುವೆ ಇಲ್ಲ.
ಕಳೆದ ನವೆಂಬರಿನಲ್ಲಿ, ಪೊದೆಯೊಳಗೆ,
ಜೂನ್‌ಬಗ್ ಬೊಗಳುವುದು ಬಿಟ್ಟು ಕಿರುಚಿತು.
ತಿರುಗಿದೆ. ಕೋವಿ ತಿರುಗಲಿಲ್ಲ.
ಹೆಬ್ಬೆರಳು ದಪ್ಪದ ಒಂದು ಬಳ್ಳಿ
ನಳಿಗೆಯ ತುದಿ ಹಿಡಿದುಕೊಂಡು
ಒಂದು ಉಸಿರು, ಒಂದೇ ಉಸಿರು, ಬಿಡಲಿಲ್ಲ.
ಆಮೇಲೆ ಬಿಟ್ಟಿತು.
ನಾಯಿಯನ್ನು ನನ್ನ ಕೋಟಿನಲ್ಲಿ ಸುತ್ತಿ ತಂದೆ.
ಕೋಟು ಒಗೆದಿದ್ದೇನೆ. ಹಾಕಿಕೊಂಡಿಲ್ಲ.

ಇದನ್ನೆಲ್ಲ ಹಾಯ್ಟ್‌ಗೆ ಹೇಳಲಿಲ್ಲ.
"ಹತ್ತು ಮಾರು," ಎಂದೆ. "ಕೆಲವೊಮ್ಮೆ ಎರಡು."

ಇಳಿಸಿದ. ಬಾಯಿ ತೆರೆದು, ಖಾಲಿ ಎಂದು ತೋರಿಸಿ, ಕೊಟ್ಟ.
"ಹದಿನೆಂಟೂವರೆ. ಹದಿನೆಂಟಕ್ಕೆ ಕೂದಲೆಳೆ ಕಡಿಮೆಯಾದರೂ
ಸರ್ಕಾರ ನಿನ್ನ ಹೆಸರನ್ನ ಬೇರೆ ಪಟ್ಟಿಗೆ ಬರೆಯುತ್ತೆ."
ಭುಜಕ್ಕೆ ಏರಿಸಿದೆ. ಐದಡಿ ಒಂದಿಂಚಿನವಳು ನಾನು;
ಮೊದಲ ಸಲ ಒಂದು ಕೋವಿ
ನನ್ನನ್ನು ಮೇಲಿನಿಂದ ಕೆಳಗೆ ನೋಡಲಿಲ್ಲ.

ತೋಟೆಯ ಡಬ್ಬಿ ಬಿಚ್ಚಿದ.
ಚರೆ ಅಂದರೆ ಊರ ಮಾತು, ಚದುರಿ ಹೋಗುತ್ತೆ,
ಯಾರಿಗೆ ತಗುಲಿತೋ, ಯಾರಿಗಿಲ್ಲವೋ.
ಇದು ಒಂಟಿ ಗುಂಡು. ಒಂದು ಔನ್ಸ್ ಸೀಸ.
ಅಂಗೈಯಲ್ಲಿಟ್ಟು ತೂಗಿದೆ:
ಆಡಿದ ಮೇಲೆ ವಾಪಸು ಕರೆಯಲಾಗದ ಮಾತಿನ ತೂಕ.

"ಒದೆಯುತ್ತೆ," ಎಂದ. "ಹಗುರ ಕೋವಿ, ಭಾರದ ಗುಂಡು.
ಬೆಂಕಿ ಮುಖದೆದುರೇ ಅರಳುತ್ತೆ. ಮತ್ತೆ..."
ಅಷ್ಟಕ್ಕೇ ತಡೆದು ಬಟ್ಟೆಯಿಂದ ಗಾಜು ಒರೆಸಿದ.

ಗೊತ್ತು, ಹಾಯ್ಟ್.
ಉದ್ದದ ಕೋವಿ ದೂರದಲ್ಲೇ ಮಾತು ಮುಗಿಸುತ್ತದೆ.
ಇದನ್ನು ಕೊಂಡವಳು
ರೆಪ್ಪೆ ಎಣಿಸುವಷ್ಟು ಹತ್ತಿರ ಹೋಗಲು ಒಪ್ಪಿದ ಹಾಗೆ.
ಹಂದಿಗೆ ರೆಪ್ಪೆಯಿರುತ್ತದೆ. ಉದ್ದ, ಒಣಹುಲ್ಲಿನ ಬಣ್ಣ.
ನವೆಂಬರಿನಲ್ಲಿ ನೋಡಿದ್ದೆ.
ಹಿಂದೆ ಆರು ಮರಿ, ಬೆನ್ನಿಗೆ ಪಟ್ಟೆ.
ಅವಳೂ ಕಾಯುತ್ತಿದ್ದಳು.

ಫಾರಂನಲ್ಲಿ 'ಎತ್ತರ' ಎಂಬಲ್ಲಿ
ಒಂದಿಂಚು ಸೇರಿಸಬಹುದಿತ್ತು. ಸೇರಿಸಲಿಲ್ಲ.
ಹಾಯ್ಟ್ ಫೋನಿನಲ್ಲಿ ನನ್ನ ಹೆಸರು ಅಕ್ಷರ ಬಿಡಿಸಿ ಹೇಳುತ್ತ
ಒಂದು ಲೋಟ ಕಡಲೆಕಾಯಿ ಈ ಕಡೆ ತಳ್ಳಿದ.
"ಯಾರ ಹೊಲದ್ದು?"
ಫೋನಿಗೆ ಕೈ ಅಡ್ಡ ಹಿಡಿದು, "ನಿನ್ನದೇ. ಹೋದ ವರ್ಷದ್ದು."

ಗಿಡ್ಡ ಕೋವಿ ಗೋಡೆಗೆ ಬಾಯಿ ಮಾಡಿ ಮಲಗಿತ್ತು.
ನಾನು ಸಿಪ್ಪೆ ಬಿಡಿಸಿ, ಉಪ್ಪುನೀರು ಹೀರಿ,
ಸಾಲಾಗಿ ತಿನ್ನುತ್ತ ಹೋದೆ,
ಒಂದನ್ನೂ ಬಿಡದೆ.