ಒಂದು ತಿರುವು ಜಾಸ್ತಿ

ಹತ್ತಿದವರು ಹತ್ತೊಂಬತ್ತು, ಇಳಿದವರು ಹದಿನೆಂಟು.
ಗೇಟಿನ ಪುಸ್ತಕದ ಪೆನ್ನಿಗೆ ದಾರ ಕಟ್ಟಿದ್ದೇನೆ,
ಜನಕ್ಕೆ ಕಟ್ಟಲಾಗುವುದಿಲ್ಲ.

ಉಳಿದ ಹೆಸರು ವಾರಿಜಾಕ್ಷಿ, ವಯಸ್ಸು ಅರವತ್ತಮೂರು,
ಊರು ಹಾಸನ. ಬಂದ ಉದ್ದೇಶ ಎಂಬ ಕಡೆ
ಎಲ್ಲರೂ 'ಅಬ್ಬಿ ನೋಡಲು' ಎಂದು ಗೀಚಿದ್ದರೆ
ಈಕೆಯದು ಅಚ್ಚಿನಂಥ ಅಕ್ಷರ:
'ತಾಳೆ ನೋಡಲು'.

ಐದೂವರೆ. ಮೇಲೆ ಮೂಡಿಗೆರೆ ಕಡೆಯ ಗುಡ್ಡಗಳಿಗೆ ಇನ್ನೂ ಬಿಸಿಲು,
ಕಮರಿಯೊಳಗೆ ಆಗಲೇ ಸಂಜೆ ಮುಗಿದಿತ್ತು.
ಕಾಲಿಗೆ ಹೊಗೆಸೊಪ್ಪಿನ ನೀರು ಸವರಿ
ಬ್ಯಾಟರಿಯನ್ನು ಎರಡೇಟು ತಟ್ಟಿ ಎಬ್ಬಿಸಿ ಹೊರಟೆ.
ಇಂಬಳಗಳಿಗೆ ನನ್ನ ಗುರುತಿದೆ,
ದಾಕ್ಷಿಣ್ಯ ಮಾತ್ರ ಇಲ್ಲ.

ಬೈನೆ ಮರದ ತನಕ ಒಂದೇ ಏರು.
ಅಲ್ಲಿ ಹಳ್ಳ ನೆಟ್ಟಗೆ ಹೋಗುತ್ತದೆ,
ದಾರಿ ಮಾತ್ರ, ಏನೋ ಮರೆತುಬಂದವರ ಹಾಗೆ,
ಬಲಕ್ಕೆ ಹೊರಳಿ, ಬಂಡೆಯೊಂದನ್ನು ಬಳಸಿ,
ಇನ್ನೂರು ಹೆಜ್ಜೆ ದಂಡ ತೆತ್ತು
ಮತ್ತೆ ಅದೇ ಹಳ್ಳಕ್ಕೆ ಬಂದು ಸೇರುತ್ತದೆ.
ಯಾಕೆ ಎಂದು ಕೇಳಿದ್ದೆ ಒಮ್ಮೆ.
'ನಕ್ಷೆಯಲ್ಲಿ ಹಾಗೇ ಇದೆ' ಎಂದಿದ್ದರು ಸಾಹೇಬರು.
ಹಳದಿ ಬಾಣ ಬರೆದವನು ನಾನೇ.

ಆ ಬಂಡೆಯ ಮೇಲೆ ಕೂತಿದ್ದರು ಆಕೆ.
ಬಲಗೈ ಗಾಳಿಯಲ್ಲಿ ನಿಧಾನ ಏನೋ ಎಳೆಯುತ್ತಿತ್ತು.
ದಾರಿ ತಪ್ಪಿತಾ ಅಮ್ಮ, ಎಂದೆ.
'ತಪ್ಪಿದ್ದು ನಲವತ್ತು ವರ್ಷದ ಹಿಂದೆ' ಎಂದರು.

ಆಗ ಇಪ್ಪತ್ತಮೂರಂತೆ. ಕಚೇರಿಯಲ್ಲಿ ಟ್ರೇಸರ್.
ಯಾವುದೋ ಅಣೆಕಟ್ಟಿಗೆಂದು ಇಲ್ಲೆಲ್ಲ ಸರ್ವೆಯಾಗಿತ್ತು;
ಅಣೆಕಟ್ಟು ಬರಲಿಲ್ಲ, ಹಾಳೆ ಉಳಿಯಿತು.
ಬೆಟ್ಟ ಕಂಡವರಲ್ಲ, ಇಳಿಜಾರಿನ ಗೆರೆ ಬಲ್ಲವರು:
ಗೆರೆಗೆ ಗೆರೆ ಒತ್ತಿಕೊಂಡರೆ ಪ್ರಪಾತ,
ದೂರ ದೂರ ನಿಂತರೆ ದನ ಮೇಯುವ ಬೋರೆ.
ಕಾಲುದಾರಿಗೆ ಚುಕ್ಕಿ. ಚುಕ್ಕಿ, ಚುಕ್ಕಿ, ಚುಕ್ಕಿ,
ಆಮೇಲೆ ಒಂದು ಸೀನು.

ಒಂಟಿ ಸೀನು.
ಪಕ್ಕದ ಮೇಜಿನ ಗುರುಬಸವಯ್ಯ ಬ್ಲೇಡು ಹಿಡಿದು ಕಾದರಂತೆ,
ಎರಡನೆಯದು ಬರಲೇ ಇಲ್ಲ.
ಮಸಿ ಬಲಕ್ಕೆ ಹಾರಿತ್ತು. ಕೆರೆದರೆ ಹಾಳೆ ಹರಿಯುತ್ತದೆ,
ಸಂಜೆಯೊಳಗೆ ಹಾಳೆ ಬೇಕು.
'ಹಾರಿದ್ದಕ್ಕೆ ಸ್ವಲ್ಪ ಬಳುಕು ಕೊಟ್ಟೆ,
ಒಳಗೊಂದು ಬಂಡೆ ಬರೆದೆ.
ಗುಡ್ಡಕ್ಕೂ ತುಸು ಹೊಂದಿಕೊಳ್ಳಲು ಹೇಳಿದೆ.'

ನಕ್ಕರು. ಆಮೇಲೆ ಅಂಗೈಯಿಂದ ಬಂಡೆ ತಟ್ಟಿ,
ಎಮ್ಮೆಯ ಬೆನ್ನು ತಟ್ಟುವ ಹಾಗೆ,
ಮೆಲ್ಲಗೆ ಕೇಳಿದರು: 'ಇದು ಮೊದಲೇ ಇತ್ತಾ?'

ಬಂಡೆ ಇತ್ತು ಅಮ್ಮ. ತಿರುವು ಇರಲಿಲ್ಲ.
ಹಳೆಯ ದಾರಿಯನ್ನು ಗುರಿಗೆ ಗಿಡ ನುಂಗಿತ್ತು.
ಹೊಸದಾಗಿ ಕಡಿದವರು ನಾನು, ಲಕ್ಕಯ್ಯ, ಇನ್ನಿಬ್ಬರು,
ಕೈಯಲ್ಲಿ ಕತ್ತಿ, ಸಾಹೇಬರ ಕೈಯಲ್ಲಿ ಹಾಳೆ.
ಇಪ್ಪತ್ತೆರಡು ದಿನ. ಇಲ್ಲಿಗೆ ಬಂದಾಗ ಲಕ್ಕಯ್ಯ
ಬರೆದವರನ್ನು ಏನೇನೋ ಅಂದ.
ಆ ಮಾತು ನಿಮಗೆ ಹೇಳುವುದಿಲ್ಲ.

'ಹೇಳಿ,' ಎಂದರು. ಹೇಳಿದೆ.
ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.
ಸಿಳ್ಳಾರವೊಂದು ಆಚೆ ದಡದಲ್ಲಿ ಅರ್ಧ ಸಿಳ್ಳೆ ಹಾಕಿ
ಉಳಿದರ್ಧ ನುಂಗಿಕೊಂಡಿತು.

ಎದುರಿಗೆ ಅಬ್ಬಿ. ಹೇಳಬೇಕಾದದ್ದು ಇದು:
ಹಳ್ಳದ ಗುಂಟ ನೆಟ್ಟಗೆ ನಡೆದವರಿಗೆ ಅದು ಬರೀ ಸದ್ದು,
ಹತ್ತಿರ ಹೋದರೆ ಬರೀ ಒದ್ದೆ.
ನೆತ್ತಿಯಿಂದ ಗುಂಡಿಯವರೆಗೆ, ಮೂರು ಮಜಲೂ
ಒಟ್ಟಿಗೆ ಕಾಣುವುದು ಈ ಬಂಡೆಯಿಂದ ಮಾತ್ರ.
ಜನ ಫೋಟೋ ಹೊಡೆಯುವುದೂ ಇಲ್ಲೇ.
ಸಾವಿರ ಸಲ ಹಾದಿದ್ದೇನೆ,
ದಂಡದ ಇನ್ನೂರು ಹೆಜ್ಜೆ ಲೆಕ್ಕ ಹಾಕುತ್ತಾ.

ಕತ್ತಲಾಯಿತು. ಹಳ್ಳದ ಗುಂಟ ಇಳಿದುಬಿಡೋಣ,
ನೆಟ್ಟಗಿದೆ, ಬೇಗ ಗೇಟು ಸಿಗುತ್ತದೆ, ಎಂದೆ.
ಆಕೆ ಎದ್ದರು, ಸೀರೆಯ ಮಣ್ಣು ಕೊಡವಿದರು,
ಸೀನಿದರು.

ಒಂದೇ.
ಹೊರಡುವಂತಿಲ್ಲವಲ್ಲ ಇನ್ನು.
ಬ್ಯಾಟರಿ ಆರಿಸಿ, ಎರಡನೆಯದಕ್ಕೆ ಕಾಯುತ್ತಾ
ಇಬ್ಬರೂ ನಿಂತೆವು.